ಕಾಡಿನ ಚಿತ್ರಕ್ಕೆ ಕೊಟ್ಟ ಕೂಗು

ನಾನು ಸಿನಿಮಾ ಕೆಲಸಕ್ಕೆ ಹೋದದ್ದು ಒಂದು ಹಲ್ಲಿಯ ದೆಸೆಯಿಂದ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾವು ಮದರಾಸಿನ ಪೆರಂಬೂರಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಮಗಳು ಮೂರನೇ ಕ್ಲಾಸು. ಒಂದು ಮಧ್ಯಾಹ್ನ ಅಕ್ಕಿ ಡಬ್ಬ ಇಳಿಸಲು ಹೋದಾಗ ಅದರ ಹಿಂದಿನಿಂದ ಹಲ್ಲಿಯೊಂದು ನನ್ನ ಮೊಣಕೈ ಮೇಲೆ ಬಿತ್ತು. ನಾನು ಕಿರುಚಿದ ರಭಸಕ್ಕೆ ಕೆಳಗಿನ ಮನೆಯ ಅಕ್ಕ ಒದ್ದೆ ಕೈಯಲ್ಲೇ ಮೆಟ್ಟಿಲೇರಿ ಓಡಿಬಂದರು. ನೆಲದ ತುಂಬ ಅಕ್ಕಿ, ಗೋಡೆಯ ಮೇಲೆ ಹಲ್ಲಿ, ಬಾಗಿಲಿಗೆ ಅಂಟಿಕೊಂಡು ನಿಂತ ನಾನು. ಅವರು ನಗಲಿಲ್ಲ. ಬೆಲೆ ಕೇಳುವ ಮೊದಲು ಸೀರೆಯನ್ನು ನೋಡುವವರ ಹಾಗೆ ನನ್ನನ್ನು ನೋಡಿದರು.

"ಇನ್ನೊಂದು ತಡವೆ ಹಂಗೇ ಕೂಗು ನೋಡೋಣ," ಅಂದರು.

"ಯಾಕಕ್ಕಾ?"

"ಸುಮ್ಮನೆ ಕೂಗಮ್ಮಾ. ನಿನ್ನ ಗಂಟಲು ಸೂಪರಾಗಿ ಇದೆ."

ಅಕ್ಕ ಅಜ್ಜನ ಕಾಲದಿಂದಲೂ ಮದರಾಸಿನಲ್ಲೇ ನೆಲೆಸಿದ ಕನ್ನಡದವರು. ಕನ್ನಡದಲ್ಲಿ ಹೊರಟ ಅವರ ಮಾತು ಎಷ್ಟೋ ಸಲ ತಮಿಳಿನಲ್ಲಿ ಹೋಗಿ ನಿಲ್ಲುತ್ತಿತ್ತು. ಅವರು ಡಬ್ಬಿಂಗ್‌ಗೆ ಹೋಗುತ್ತಾರೆಂದು ಕೇಳಿದ್ದೆ, ಆದರೆ ಅದೇನೆಂದು ಸರಿಯಾಗಿ ತಿಳಿದಿರಲಿಲ್ಲ. ಸೀರಿಯಲ್ಲಿನ ಸಾವಿನ ಮನೆಯಲ್ಲಿ ಹಿಂದೆ ಅಳುವ ಹೆಂಗಸರು, ಮದುವೆ ಮನೆಯಲ್ಲಿ ಗುಜುಗುಜು ಅನ್ನುವ ನೆಂಟರು, ಇವರೆಲ್ಲರ ದನಿ ಅಕ್ಕನದೂ ಅವರ ಗೆಳತಿಯರದೂ ಎಂದು ಅವತ್ತೇ ಗೊತ್ತಾಯಿತು. ಈಗ ಇಂಗ್ಲಿಷಿನ ಒಂದು ದೆವ್ವದ ಚಿತ್ರವನ್ನು ತಮಿಳಿಗೆ ಮಾಡುತ್ತಿದ್ದರು. ನಾಯಕಿಗೆ ದನಿ ಕೊಡುತ್ತಿದ್ದ ಹುಡುಗಿ ಕಿರುಚಿ ಕಿರುಚಿ ಗಂಟಲು ಕಟ್ಟಿಕೊಂಡಿದ್ದಳು. ಮಾತೆಲ್ಲ ಮುಗಿದಿತ್ತು, ಉಳಿದದ್ದು ಕಿರುಚಾಟ ಮತ್ತು ಏದುಸಿರು.

"ನನ್ನ ತಮಿಳು ಕೇಳಿದರೆ ತರಕಾರಿಯವನೇ ನಗ್ತಾನೆ, ಅಕ್ಕಾ."

"ಕೂಗೋದಕ್ಕೆ ಏನಮ್ಮಾ ತಮಿಳು, ಕನ್ನಡ? ನಾಳೆ ಬಾ."

ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮನೇಲಿ ಬಿಟ್ಟಿಯಾಗಿ ಕೂಗ್ತೀಯ, ಅಲ್ಲಾದ್ರೂ ಹೋಗಿ ಕೂಗು," ಅಂದರು. ನಂಜನಗೂಡಿನಿಂದ ಬಂದು ನಮ್ಮಲ್ಲಿದ್ದ ಅತ್ತೆ ಮಾತ್ರ, "ದೆವ್ವ ಯಾವ ತರದ್ದಂತೆ? ಹೆಣ್ಣೋ ಗಂಡೋ?" ಎಂದು ಕೇಳಿದರು. ನನಗೂ ಅದೇ ಕುತೂಹಲ.

ಸ್ಟುಡಿಯೋ ಇದ್ದದ್ದು ವಡಪಳನಿಯ ಕಡೆ, ಒಂದು ಹಳೆಯ ಮನೆಯ ಹಿಂಭಾಗದಲ್ಲಿ. ಹೊರಗೆ ಬೆವರು ಸುರಿಯುವ ಸೆಕೆ. ಒಳಗೆ ಬಾಗಿಲು ಮುಚ್ಚಿದ ಕೂಡಲೇ ಕಿವಿಗೆ ಹತ್ತಿ ಇಟ್ಟಂತಾಗುತ್ತಿತ್ತು. ನಡುವೆ ಒಂದು ಮೈಕು, ಎದುರಿಗೆ ಟಿವಿ, ಗಾಜಿನ ಆಚೆ ಡಬ್ಬಿಂಗ್ ಮಾಡಿಸುವ ಸರ್. ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಮೆಲ್ಲನೆಯ ಮಾತು. ಅವರು ಮಾತಾಡಿದ್ದೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಕತೆ ಇಷ್ಟೇ ಅಮ್ಮಾ," ಅಂದರು. "ಕಾಡಿನಲ್ಲಿ ಒಬ್ಬ ಮುದುಕ ಕಾಣೆಯಾಗಿದ್ದಾನೆ. ಅವನನ್ನು ಹುಡುಕಲು ಮೂವರು ಕ್ಯಾಮೆರಾ ಹಿಡಿದು ಹೋಗುತ್ತಾರೆ. ಅವರೂ ವಾಪಸು ಬರುವುದಿಲ್ಲ. ಕ್ಯಾಮೆರಾ ಮಾತ್ರ ಸಿಗುತ್ತದೆ. ಅದರಲ್ಲಿದ್ದದ್ದೇ ಈ ಚಿತ್ರ ಅಂತ ಲೆಕ್ಕ."

"ನಿಜವಾಗಿ ಸಿಕ್ಕಿದ್ದಾ ಸರ್?"

"ನಿಜವಾಗಿ ಸಿಕ್ಕಿದ್ದರೆ ಇಷ್ಟು ಕೆಟ್ಟದಾಗಿ ಇರುತ್ತಿರಲಿಲ್ಲ," ಅಂದು ನಿಟ್ಟುಸಿರು ಬಿಟ್ಟರು.

ತುಣುಕು ತುಣುಕಾಗಿ ಹಾಕಿ ತೋರಿಸಿದರು. ಮರ. ಮತ್ತೆ ಮರ. ಅಲುಗಾಡುವ ನೆಲ, ಯಾರದೋ ಶೂ, ಒಂದು ಟಾರ್ಚಿನ ಬೆಳಕು. ಹುಡುಗಿಯ ಮುಖ ಪರದೆಯ ತುಂಬ ಬರುತ್ತದೆ, ಅವಳು ನಮ್ಮ ಹಿಂದೆ ಏನನ್ನೋ ನೋಡಿ ಕಿರುಚುತ್ತಾಳೆ, ಓಡುತ್ತಾಳೆ. ಅವಳು ನೋಡಿದ್ದೇನೆಂದು ಕ್ಯಾಮೆರಾ ತಿರುಗಿ ತೋರಿಸುವುದೇ ಇಲ್ಲ.

ನಾನು ಮೊದಲು ಕಿರುಚಿದ್ದಕ್ಕೆ ಸರ್ ಬೇಡವೆಂದು ತಲೆಯಾಡಿಸಿದರು. "ಇದು ಟೆಂಟ್ ಸಿನಿಮಾದಲ್ಲಿ ಕೇಳುವ ಕೂಗು. ಅಕ್ಕ ಹೇಳಿದ ಹಲ್ಲಿ ಕೂಗು ಬೇಕು."

"ಅವಳು ಏನು ನೋಡ್ತಾಳೆ ಸರ್? ಅದು ಗೊತ್ತಾದರೆ ಸರಿಯಾಗಿ ಕೂಗಬಹುದು."

"ನನಗೇ ಗೊತ್ತಿಲ್ಲಮ್ಮಾ. ಪೂರ್ತಿ ನೋಡಿದ್ದೇನೆ. ಅದರಲ್ಲಿ ಎಲ್ಲೂ ಇಲ್ಲ."

ನನಗೆ ವಿಚಿತ್ರ ಅನ್ನಿಸಿತು. ಒಂದು ಊರಿನಷ್ಟು ಜನ ಸೇರಿ ಚಿತ್ರ ತೆಗೆದಿದ್ದಾರೆ, ಅದು ಸಮುದ್ರ ದಾಟಿ ವಡಪಳನಿಗೆ ಬಂದಿದೆ, ಆದರೆ ಆ ಹುಡುಗಿ ಯಾವುದಕ್ಕೆ ಹೆದರಿದಳೆಂದು ಯಾರಿಗೂ ಗೊತ್ತಿಲ್ಲ. ಗಾಜಿನ ಆಚೆ ಯಂತ್ರದ ಮುಂದಿದ್ದವರನ್ನು ಕೇಳಿದೆ. ಕರಡಿ ಇರಬೇಕು, ಅಂದರು. ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಕ್ಕ, "ಮೋಹಿನಿ ತಾನೇ? ಇನ್ಯಾರು ಬರ್ತಾರೆ ಕಾಡಲ್ಲಿ?" ಅಂದರು. ಕೊನೆಗೆ ನಾನು ಹಲ್ಲಿಯನ್ನೇ ನೆನೆದು ಕಿರುಚಿದೆ. ಸರ್ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದರು.

ಊಟದ ವಿರಾಮದಲ್ಲಿ ಪಕ್ಕದ ಕೋಣೆಯಿಂದ ಚರಚರ ಸದ್ದು ಬರುತ್ತಿತ್ತು. ಇಣುಕಿ ನೋಡಿದೆ. ಒಬ್ಬರು ಪಂಚೆ ಮೇಲೆ ಕಟ್ಟಿ, ಪರದೆಯನ್ನೇ ನೋಡುತ್ತ, ಒಣಗಿದ ತೆಂಗಿನ ಗರಿಗಳ ಮೇಲೆ ನಿಂತಲ್ಲೇ ಓಡುತ್ತಿದ್ದರು. ಆ ಚಿತ್ರವನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ತೆಗೆದಿದ್ದರೆಂದರೆ ಮಾತು, ಹೆಜ್ಜೆ, ಗಾಳಿ ಎಲ್ಲ ಒಂದರೊಳಗೊಂದು ಕಲಸಿಹೋಗಿತ್ತಂತೆ. ಇಂಗ್ಲಿಷು ಅಳಿಸಿದರೆ ಕಾಡೂ ಅಳಿಸಿಹೋಗುತ್ತಿತ್ತು. ಹಾಗಾಗಿ ಕಾಡನ್ನು ಇಲ್ಲೇ ಮತ್ತೆ ಮಾಡಬೇಕಿತ್ತು. ಮುರಿಯುವ ಕೊಂಬೆಗೆ ಬೀನ್ಸು, ರೆಕ್ಕೆ ಬಡಿಯುವುದಕ್ಕೆ ಒಂದು ಒದ್ದೆ ಟವೆಲು. ಕಣ್ಣು ಮುಚ್ಚಿ ಕೇಳಿದೆ, ಮೈ ಜುಮ್ಮೆಂದಿತು. ಕಣ್ಣು ತೆರೆದರೆ ಮತ್ತೆ ಅದೇ ಪಂಚೆ, ಅದೇ ಗರಿ. ಮುಚ್ಚಿ ತೆರೆದು ಮುಚ್ಚಿ ತೆರೆದು ಅಲ್ಲೇ ನಿಂತಿದ್ದೆ. ಅಕ್ಕ ಬಂದು ಕೈ ಹಿಡಿದು ಎಳೆದುಕೊಂಡು ಹೋದರು.

ಸಂಜೆಯ ಹೊತ್ತಿಗೆ ಕೊನೆಯ ತುಣುಕು ಬಂತು. ಪರದೆ ಪೂರ್ತಿ ಕಪ್ಪು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಏನೂ ಕೇಳಿಸಲಿಲ್ಲ.

"ಇಲ್ಲಿ ಕಿರುಚುವುದು ಬೇಡ," ಅಂದರು ಸರ್. "ಅವಳು ಒಬ್ಬಳೇ ಉಳಿದಿದ್ದಾಳೆ. ಗೆಳೆಯನನ್ನು ಕರೆಯುತ್ತಾಳೆ. 'ಎಂಗ ಇರುಕ್ಕ?' ಅಷ್ಟೇ. ಎಲ್ಲಿದ್ದೀಯ ಅಂತ. ದೂರದಿಂದ."

"ನನ್ನ ಉಚ್ಚಾರ..."

"ದೂರದಿಂದ ಕೇಳಿದರೆ ಎಲ್ಲರ ಉಚ್ಚಾರವೂ ಒಂದೇ."

ಮೈಕಿನಿಂದ ದೂರ, ಬಾಗಿಲ ಹತ್ತಿರ ನಿಲ್ಲಿಸಿದರು. ಮೊದಲ ಸಲ ಕರೆದಾಗ ಊಟಕ್ಕೆ ಕರೆದ ಹಾಗಿತ್ತು, ನನಗೇ ಗೊತ್ತಾಯಿತು. ಎರಡನೇ ಸಲ ಅಳು ಜಾಸ್ತಿಯಾಯಿತು. ಸರ್ ಬೇಸರಪಡಲಿಲ್ಲ. "ನೀವು ಯಾರನ್ನಾದರೂ ಹುಡುಕಿದ್ದೀರಾ ಅಮ್ಮಾ?" ಎಂದು ಮೆಲ್ಲನೆ ಕೇಳಿದರು.

ಹುಡುಕಿದ್ದೆ. ಅದರ ಹಿಂದಿನ ಸಂಕ್ರಾಂತಿ ರಜೆಯಲ್ಲಿ ತೀವುತಿಡಲ್ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ, ದೊಡ್ಡ ಹಪ್ಪಳ ಕೊಂಡು ತಿರುಗುವಷ್ಟರಲ್ಲಿ ಮಗಳು ಪಕ್ಕದಲ್ಲಿರಲಿಲ್ಲ. ಗಂಡ ಒಂದು ಕಡೆ ಓಡಿದರು, ನಾನೊಂದು ಕಡೆ. ಆ ಜನದ ಗದ್ದಲದಲ್ಲಿ ನಾನು ಕೂಗಿದ್ದು ಜೋರಾಗಿರಲಿಲ್ಲ. ಕೂಗುತ್ತಿದ್ದೆ, ಉತ್ತರ ಬಂದರೆ ತಪ್ಪಿಹೋಗಬಾರದೆಂದು ಕೂಗಿನ ನಡುವೆಯೇ ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಸ್ವಲ್ಪ ಹೊತ್ತಿಗೇ ಸಿಕ್ಕಳು. ಬೊಂಬೆ ಅಂಗಡಿಯ ಮುಂದೆ ನಿಂತು ಚಾವಿ ಕೊಟ್ಟ ಕೋತಿ ಡೋಲು ಬಡಿಯುವುದನ್ನು ನೋಡುತ್ತಿದ್ದಳು. ಆದರೆ ಸಿಗುವ ಮುಂಚಿನ ಆ ಹೊತ್ತು ನನ್ನ ಗಂಟಲಿನಲ್ಲಿ ಹಾಗೆಯೇ ಉಳಿದಿತ್ತು ಎಂದು ವಡಪಳನಿಯಲ್ಲಿ ಗೊತ್ತಾಯಿತು. ಮೂರನೇ ಸಲ ಕರೆದೆ. ಮತ್ತೆ ಕರೆದೆ, ಅರ್ಧದಲ್ಲಿ ನಿಲ್ಲಿಸಿ ಕಿವಿ ಕೊಟ್ಟೆ.

ಗಾಜಿನ ಆಚೆಯಿಂದ ಸರ್ ಮೈಕಿನಲ್ಲಿ, "ಸಾಕಮ್ಮಾ. ಹೋಗಿ ಕಾಫಿ ಕುಡೀರಿ," ಅಂದರು.

ಚಿತ್ರ ನಮ್ಮ ಕಡೆಯ ಒಂದು ಹಳೆಯ ಥಿಯೇಟರಿಗೆ ಬಂತು. ಪೋಸ್ಟರಿನಲ್ಲಿ ಕೆಂಪು ಕಣ್ಣಿನ, ಕೋರೆಹಲ್ಲಿನ ಒಂದು ಮುಖ. ಅಂಥದ್ದು ಚಿತ್ರದಲ್ಲಿ ಎಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಭಾನುವಾರದ ಮ್ಯಾಟಿನಿಗೆ ಅತ್ತೆ, ಗಂಡ, ಮಗಳು, ಅಕ್ಕ, ನಾನು ಎಲ್ಲರೂ ಹೋದೆವು. ಮಗಳಿಗೆ ಹೆದರಿಕೆಯಾದೀತೆಂದು ಅಕ್ಕನಿಗೆ ಚಿಂತೆ. "ಅದರಲ್ಲಿ ಹೆದರೋ ಅಂಥದ್ದು ಏನೂ ಇಲ್ಲ ಬನ್ನಿ," ಎಂದೆ. ಅಂಗಡಿಯ ಗುಟ್ಟು ಬಿಟ್ಟುಕೊಟ್ಟಂತಾಯಿತು.

ಜನ ಹತ್ತು ನಿಮಿಷ ತಾಳಿಕೊಂಡರು. ಆಮೇಲೆ ಕ್ಯಾಮೆರಾ ಅಲ್ಲಾಡಿದಾಗಲೆಲ್ಲ, "ಸರಿಯಾಗಿ ಹಿಡಿಯಪ್ಪಾ!" ಎಂದು ಹಿಂದಿನವರು ತಮಿಳಿನಲ್ಲಿ ಕೂಗತೊಡಗಿದರು. ಯಾರೋ ಪ್ರೊಜೆಕ್ಟರ್ ಕೆಟ್ಟಿದೆಯೆಂದು ಹೊರಗೆ ಹೋಗಿ ಜಗಳ ತೆಗೆದು ಬಂದರು. ದೂರದ ದೇಶದ ಕಾಡಿನಲ್ಲಿ ಸಿಕ್ಕ ಟೇಪಿನೊಳಗೆ ಬಿಳಿಯ ಹುಡುಗ ಗೆಳೆಯನನ್ನು ನಮ್ಮ ಬೀದಿಯ ತಮಿಳು ಹುಡುಗರ ಹಾಗೆ "ಮಚ್ಚಾನ್" ಅಂದಾಗ ಇಡೀ ಥಿಯೇಟರೇ ನಕ್ಕಿತು. ತಮಿಳು ಅಷ್ಟಾಗಿ ತಿಳಿಯದ ಅತ್ತೆ ನನ್ನ ಸೆರಗು ಹಿಡಿದು ಕೇಳುತ್ತಲೇ ಇದ್ದರು.

"ಈಗ ಬತ್ತದೇನೆ?"

"ಇಲ್ಲ ಅತ್ತೆ."

"ಈಗ?"

"ಕೊನೇವರೆಗೂ ಬರಲ್ಲ."

"ಹಂಗಾದ್ರೆ ಇವು ಯಾಕೆ ಓಡ್ತಾವೆ?"

ಕಿರುಚಾಟಗಳು ಬಂದು ಹೋದವು. ಅಷ್ಟು ದೊಡ್ಡ ಪರದೆಯ ಮೇಲೆ ನನ್ನ ಹಲ್ಲಿ ಕೂಗು ಕೇಳಿ ನನಗೇ ನಾಚಿಕೆಯಾಯಿತು. ಹೆಜ್ಜೆ ಸದ್ದು ಬಂದಾಗ ಮಾತ್ರ, ತೆಂಗಿನ ಗರಿಯೆಂದು ಗೊತ್ತಿದ್ದೂ, ಕಾಲು ಮೇಲೆತ್ತಿ ಕೂತೆ.

ಪರದೆ ಕಪ್ಪಾಯಿತು. ನನ್ನ ದನಿ ಎಲ್ಲೋ ದೂರದಿಂದ ಬಂತು. "ಎಂಗ ಇರುಕ್ಕ?" ಮಗಳು ಕತ್ತಲಲ್ಲೇ ನನ್ನ ಕಡೆ ತಿರುಗಿ, "ಅಮ್ಮಾ, ನೀ ತಾನೇ?" ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ನಾನು ಅವಳ ಕೈ ಅದುಮಿದೆ. ಒಂದು ಕ್ಷಣ ಯಾರೂ ಗಲಾಟೆ ಮಾಡಲಿಲ್ಲ. ಎರಡನೇ ಸಲ ದನಿ ಕರೆದು ಅರ್ಧಕ್ಕೆ ನಿಂತಾಗ, ಮುಂದಿನ ಸಾಲಿನಿಂದ ಒಬ್ಬ ಗಟ್ಟಿ ಗಂಟಲಿನಲ್ಲಿ ಉತ್ತರ ಕೊಟ್ಟ.

"ಇಂಗತಾನ್ ಇರುಕ್ಕೇನ್, ವಾಮ್ಮಾ!"

ಇಲ್ಲೇ ಇದ್ದೀನಿ, ಬಾರಮ್ಮಾ. ಜನ ಬಿದ್ದು ಬಿದ್ದು ನಕ್ಕರು, ಸೀಟಿ ಹೊಡೆದರು. ಅಕ್ಕನಿಗೆ ಸಿಟ್ಟು ಬಂತು. ಅದೇ ಚಿತ್ರದ ಒಂದೇ ಒಳ್ಳೆಯ ಜಾಗ, ಅದನ್ನೂ ಕೆಡಿಸಿದನಲ್ಲ ಎಂದು. ನನಗೆ ಸಿಟ್ಟು ಬರಲಿಲ್ಲ. ಎದೆಯ ಮೇಲಿಂದ ಏನೋ ಇಳಿದಂತಾಗಿ, ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕರೆದದ್ದಕ್ಕೆ ಯಾರೋ ಓಗೊಟ್ಟರಲ್ಲ, ಅಷ್ಟು ಸಾಕಿತ್ತು. ಆ ಮುಖ ನೋಡಬೇಕೆಂದು ದೀಪ ಹತ್ತಿದಾಗ ಹುಡುಕಿದೆ. ಎಲ್ಲರೂ ಒಟ್ಟಿಗೆ ಎದ್ದು ಬಾಗಿಲ ಕಡೆ ನುಗ್ಗುತ್ತಿದ್ದರು.

ಹೊರಗೆ ಬಂದಮೇಲೆ ಗಂಡ, "ಅವರಿಗೆ ಏನೂ ಆಗಿಲ್ಲ. ಕ್ಯಾಮೆರಾ ಬ್ಯಾಟರಿ ಮುಗಿದಿದೆ, ಮನೆಗೆ ಹೋಗಿದ್ದಾರೆ," ಅಂದರು. ಅತ್ತೆ ಒಪ್ಪಲಿಲ್ಲ. ಬಸ್ ಸ್ಟಾಪಿನವರೆಗೂ ಯೋಚಿಸುತ್ತ ಬಂದು, "ಅಷ್ಟು ಹೆದರಿ ಓಡ್ತಿದ್ರೂ ಕೈಲಿದ್ದ ಕ್ಯಾಮೆರಾ ಪೆಟ್ಟಿಗೆ ಬಿಡಲಿಲ್ಲ ಕಣೋ ಅವನು. ಅವನೇ ದೆವ್ವ," ಎಂದು ತೀರ್ಪು ಕೊಟ್ಟರು. ನಾನು ಇಲ್ಲಿಯವರೆಗೆ ಕೇಳಿದ ಉತ್ತರಗಳಲ್ಲಿ ಅದೇ ಒಳ್ಳೆಯದು.

ಮುಂದಿನ ಶುಕ್ರವಾರ ಚಿತ್ರ ಎತ್ತಂಗಡಿಯಾಯಿತು. ನಾನು ಮಾತ್ರ ಅಕ್ಕನ ಜೊತೆ ಹೋಗುತ್ತಲೇ ಇದ್ದೆ. ಹೆರಿಗೆ ನೋವು, ಬಸ್ಸಿನ ಬ್ರೇಕು ಬಿದ್ದಾಗಿನ ಅಯ್ಯೋ, ಮದುವೆ ಮನೆಯ ಗುಜುಗುಜು, ಏನೇನೋ. ಟಿವಿಯಲ್ಲಿ ಯಾರಾದರೂ ನೀರು ಕುಡಿದರೂ, ಆ ಗುಟುಕು ಯಾರದಿರಬಹುದೆಂದು ಕಿವಿ ನಿಮಿರುವ ಚಟ ಆಗ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಕೆಲವು ವರ್ಷಗಳಾದ ಮೇಲೆ, ಮಗಳು ಹೈಸ್ಕೂಲಿನಲ್ಲಿದ್ದಾಗ, ಅವಳ ಗೆಳತಿಯ ಮನೆಯಿಂದ ತಂದ ಡಿವಿಡಿಗಳಲ್ಲಿ ಆ ಚಿತ್ರದ ಇಂಗ್ಲಿಷ್ ಮೂಲ ಸಿಕ್ಕಿತು. ಅವಳನ್ನು ಶಾಲೆಗೆ ಕಳಿಸಿ, ಸಾರಿಗೆ ಬೇಳೆ ಇಟ್ಟು, ಒಬ್ಬಳೇ ಕೂತು ನೋಡಿದೆ. ಚಿತ್ರ ಆಗಲೂ ಅಷ್ಟೇ ಸಪ್ಪೆ. ಆದರೆ ಕೊನೆಗೆ ಆ ಹುಡುಗಿ ತನ್ನ ಸ್ವಂತ ದನಿಯಲ್ಲಿ ಹೇಗೆ ಕರೆಯುತ್ತಾಳೆಂದು ಕೇಳುವ ಆಸೆ. ಪರದೆ ಕಪ್ಪಾಯಿತು. ಕುಕ್ಕರಿನ ಸೀಟಿಗೆ ತಪ್ಪಿಹೋಗಬಾರದೆಂದು ಓಡಿಹೋಗಿ ಒಲೆ ಆರಿಸಿ ಬಂದು, ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬರೀ ಕತ್ತಲೆ, ಆಮೇಲೆ ಹೆಸರುಗಳು ಬಂದವು.

ಅಂದರೆ ಆ ಕೂಗು ಮೂಲದಲ್ಲಿ ಇರಲೇ ಇಲ್ಲ. ಹೆಡ್‌ಫೋನಿನಲ್ಲಿ ಏನೂ ಕೇಳಿಸದಿದ್ದುದು ಅದಕ್ಕೇ. ಕೆಳಗಿಳಿದು ಹೋದೆ. ಅಕ್ಕ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಅಕ್ಕಾ, ನಿಮಗೆ ಗೊತ್ತಿತ್ತಾ? ಆ ಕಾಡಿನ ಚಿತ್ರದ ಕೊನೇ ಕೂಗನ್ನ ಸರ್ ತಾವೇ ಸೇರಿಸಿದ್ದು!"

"ಗೊತ್ತಿಲ್ದೆ ಏನು?" ಅಂದರು ಅಕ್ಕ, ಬಾಯಲ್ಲಿದ್ದ ಕ್ಲಿಪ್ಪು ತೆಗೆಯದೆಯೇ. "ಒಂದು ಹೆಣ್ಣುಮಗು ಕತ್ತಲೆ ಕಾಡಲ್ಲಿ ಒಬ್ಬಳೇ ನಿಂತಿದಾಳೆ, ಬಾಯಿ ಬಿಟ್ಟು ಯಾರನ್ನೂ ಕರೆಯಲ್ಲ ಅಂದ್ರೆ ಯಾರು ನಂಬ್ತಾರೆ ಅಂದರು ಸರ್. ಶರಿ ತಾನೇ? ಆ ಬಕೆಟ್ಟು ಸ್ವಲ್ಪ ಈ ಕಡೆ ತಳ್ಳು."