ನೀಲಾಬಾಯಿ ಇನ್ನೂ ಸತ್ತಿಲ್ಲ

ನಮ್ಮ ಅತ್ತೆ ತೀರಿಕೊಂಡ ಮೇಲೆ ಒಂದು ಮಳೆಗಾಲ ಹೋಯಿತು, ದ್ರಾಕ್ಷಿ ಸುಗ್ಗಿಯೂ ಬಂತು. ಆದರೆ ಬಬಲೇಶ್ವರದ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವರು ಇನ್ನೂ ಬದುಕಿದ್ದಾರೆ. ಮೊನ್ನೆ ಹೊಲದ ದಾಖಲೆ ನೋಡುವ ತಲಾಟಿ ನನ್ನ ಮುಖಕ್ಕೇ ಹೇಳಿದ.

“ನೋಡ್ರಿ ಬಾಯಾರ, ನೀವು ತಂದ ಮರಣದ ದಾಖಲಿ ವಿಜಯಲಕ್ಷ್ಮೀ ಅನ್ನಾವರದು. ಹೊಲ ಐತಿ ನೀಲಾಬಾಯಿ ಹೆಸರಿಲೆ. ನೀಲಾಬಾಯಿ ಸತ್ತಾರಂತ ಯಾರು ಹೇಳ್ಯಾರ?”

“ನಾನೇ ಹೇಳಾಕತ್ತೇನಲ್ರಿ. ಕಡೀಕ ಬಾಯಾಗ ನೀರು ಬಿಟ್ಟಾಕಿ ನಾನು.”

“ನೀವು ನೀರು ಬಿಟ್ಟದ್ದು ವಿಜಯಲಕ್ಷ್ಮೀಗಿ.”

ಸೊಂಟದ ಮೇಲಿದ್ದ ಮಗಳು ಅವನ ಪೆನ್ನಿಗೆ ಕೈಚಾಚಿದಳು. ನಾನು ತಡೆಯಲಿಲ್ಲ.

ಅತ್ತೆ ಹುಟ್ಟಿದ್ದು ಬಬಲೇಶ್ವರದ ಅಮರಪ್ಪನ ಮಗಳಾಗಿ, ನೀಲಾಬಾಯಿ ಎಂದು. ತಿಕೋಟಾಕ್ಕೆ ಕೊಟ್ಟಾಗ ನಮ್ಮ ಕಡೆಯ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರಡಿ, ಮಾವ ಉಂಗುರದಿಂದ ಹೊಸ ಹೆಸರು ಬರೆದರಂತೆ: ವಿಜಯಲಕ್ಷ್ಮೀ. ಅಕ್ಕಿ ಮರುದಿನ ಅನ್ನವಾಯಿತು, ಹೆಸರು ಉಳಿಯಿತು. ಆಧಾರ್, ರೇಷನ್ ಕಾರ್ಡು ಎಲ್ಲವೂ ಆ ಹೆಸರಿನಲ್ಲೇ. ಅಮರಪ್ಪ ಮಾತ್ರ ಸಾಯುವ ಮುಂಚೆ ಮಗಳಿಗೆ ಒಂದು ತುಂಡು ಹೊಲ ಬರೆದುಕೊಟ್ಟಾಗ, ತಾನಿಟ್ಟ ಹೆಸರನ್ನೇ ಬರೆಸಿದ. ಅಪ್ಪನಿಗೆ ಮಗಳು ನೀಲಿಯೇ ತಾನೆ.

ನಾನು ಈ ಮನೆಗೆ ಬಂದಾಗ ಕಂಡದ್ದು ವಿಜಯಲಕ್ಷ್ಮಿಯನ್ನು. ತಲೆಯ ಮೇಲಿನ ಸೆರಗು ಜಾರದ, ಗಂಡಸರು ಪಡಸಾಲೆಯಲ್ಲಿದ್ದರೆ ಬಳೆಯ ಸದ್ದೂ ಕೇಳಿಸದ ಹೆಂಗಸು. ಮಾವ ಹೋದ ಮೇಲೂ ಹಾಗೇ ಇದ್ದರು. ರೊಟ್ಟಿ ಬಡಿಯುವುದರಲ್ಲಿ ಮಾತ್ರ ಅವರ ಕೈ ಜೋರು. ಬೇಸರ ಬಂದ ದಿನ ರೊಟ್ಟಿ ಎಂದಿಗಿಂತ ತೆಳ್ಳಗಾಗುತ್ತಿತ್ತು.

ಆ ಹೊಲ ಯಾರಿಗೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. “ಅದು ನೀಲೀ ಹೊಲ, ನೇತ್ರಾಗ ಹೋಗಬೇಕು,” ಎನ್ನುತ್ತಿದ್ದರು. “ವಿಜಯಲಕ್ಷ್ಮೀದು ಏನ ಐತಿ? ಒಂದು ಲಟ್ಟಣಿಗಿ, ಒಂದು ಹಂಚು. ಅವು ನಿನಗ ತಗೋ.” ನೇತ್ರಾ ನನ್ನ ನಾದಿನಿ. ಗಂಡನನ್ನು ಬಿಟ್ಟು ಬಂದವಳು, ವಿಜಯಪುರದ ಇಬ್ರಾಹಿಂಪುರದಲ್ಲಿ ಬಾಡಿಗೆ ಖೋಲಿಯಲ್ಲಿ ಹೊಲಿಗೆ ಹಾಕುತ್ತಾಳೆ. ಆ ಹೊಲದಲ್ಲಿ ಶೆಡ್ ಹಾಕಿ ಎಮ್ಮೆ ಕಟ್ಟಬೇಕೆಂಬುದು ಅವಳ ಆಸೆ. ಬೋರಿಗೆ ಕರೆಂಟು ಬೇಕು. ಕರೆಂಟಿಗೆ ಉತಾರ ಅವಳ ಹೆಸರಿಗಾಗಬೇಕು. ನನ್ನ ಗಂಡ ಚೇತನಕುಮಾರ ತನ್ನ ಪಾಲಿನ ಹಕ್ಕು ಬಿಟ್ಟುಕೊಡಲು ತಯಾರು. ಅಣ್ಣ ತಂಗಿಗೆ ಬಿಟ್ಟುಕೊಡುವುದನ್ನು ಕೇಳಿ ಕಚೇರಿಯಲ್ಲಿ ಒಬ್ಬ ನಕ್ಕೂ ನಕ್ಕ. ಕಿತ್ತಾಡುವ ಮನೆಗಳ ಕೆಲಸ ನಡೆಯುತ್ತದೆ, ಒಪ್ಪಿಕೊಂಡ ನಮ್ಮದು ನಿಂತಿದೆ!

ಅತ್ತೆ ಇದ್ದಾಗ ನಾನು ಹೇಳಿದ್ದೆ: “ಅತ್ತಿ, ಎರಡೂ ಹೆಸರು ನಿಮ್ಮವ ಅಂತ ಒಂದು ಕಾಗದ ಮಾಡಸೂಣು, ಹಂಗ ಹೊಲ ನೇತ್ರಾಗ ಅಂತನೂ ಬರಸೂಣು.” ಅವರು ಸುತ್ತ ನೋಡಿ, ಯಾರೋ ಕೇಳಿಸಿಕೊಂಡರೇನೋ ಎಂಬಂತೆ ಪಿಸುಗುಟ್ಟಿದರು: “ಹಳೇ ಹೆಸರು ಎತ್ತಬ್ಯಾಡ ಬೇ. ನಮ್ಮ ಅತ್ತಿಗಿ ಸೇರತಿರಲಿಲ್ಲ.” ಅವರ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು.

ಕಡೆಗೆ ತಲಾಟಿ, ಎರಡೂ ಊರಿನವರು ಬಂದು ಇಬ್ಬರೂ ಒಬ್ಬರೇ ಎಂದು ಹೇಳಲಿ, ಪಂಚನಾಮೆ ಮಾಡುತ್ತೇನೆ ಎಂದ. ತಿಕೋಟಾದಿಂದ ನಮ್ಮ ಪಕ್ಕದ ಮನೆಯ ಸಾಬಣ್ಣ ಕಾಕಾ ಬಂದರು. ಬಬಲೇಶ್ವರದಲ್ಲಿ ಅತ್ತೆಯ ಬಾಲ್ಯದ ಗೆಳತಿ ಪೀರಾಂಬಿ ಇದ್ದಳು. ನಾನೂ ನೇತ್ರಾಳೂ ಹೋಗಿ ಕರೆತಂದೆವು. ಏನು ಹೇಳಬೇಕೆಂದು ಇಬ್ಬರಿಗೂ ದಾರಿಯುದ್ದಕ್ಕೂ ಹೇಳಿಕೊಟ್ಟೆ.

ಸಾಬಣ್ಣ ಕಾಕಾ ಶುರುಮಾಡಿದರು: “ವಿಜಯಲಕ್ಷ್ಮೀ ಅಂದ್ರ ದೇವರಂಥಾಕಿರಿ ಸಾಹೇಬ್ರ. ಒಂದಿನಾ ಧ್ವನಿ ಎತ್ತಿದಾಕಿ ಅಲ್ಲ. ಬಾಯಿ ಐತೋ ಇಲ್ಲೋ ಅನ್ನೂಹಂಗ.”

“ನೀಲಾಬಾಯಿ ಅಂತಿದ್ರೇನು?”

ಕಾಕಾ ನನ್ನತ್ತ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರಿನ ದೇವರತ್ತ. “ಇದ್ದದ್ದು ಹೇಳಬೇಕಲ್ರಿ. ಆ ಹೆಸರು ನಾ ಕೇಳಿಲ್ಲ.”

ಪೀರಾಂಬಿಯ ಸರದಿ ಬಂತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನೀಲಿ ಗೊತ್ತಿಲ್ದ ಏನ್ರಿ! ಆಕಿ ಬಾಯಿ ಅಂದ್ರ ಬಾಯಿ! ಜೋಳದ ತೆನಿಗೆ ಹಕ್ಕಿ ಕಾಯಾಕ ಮಂಚಗಿ ಹತ್ತಿ ಕೂಗಿದ್ಲಂದ್ರ ಆಚೆ ಊರು ಅರಕೇರಿ ಎತ್ತು ತಿರುಗಿ ನೋಡತಿದ್ವು. ನಮ್ಮಣ್ಣಗ ಒಮ್ಮಿ ಸಗಣಿ ಒಗದಿದ್ಲು.”

ತಲಾಟಿ ಅತ್ತೆಯ ಆಧಾರ್ ಕಾರ್ಡಿನ ಪ್ರತಿ ಮುಂದಿಟ್ಟ. ಬಿಗಿದ ತುಟಿ, ಹಣೆತನಕ ಸೆರಗು. ಪೀರಾಂಬಿ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಇಷ್ಟು ಸುಮ್ಮ ಕುಂತಾಕಿ ನಮ್ಮ ನೀಲಿ ಹೆಂಗ ಆಗತಾಳವ್ವಾ? ಯಾವಾಕಿ ಈ ವಿಜಯಲಕ್ಷ್ಮೀ?”

“ಪೀರಾಂಬವ್ವಾ!” ಎಂದು ನೇತ್ರಾ ಕೂಗಿದಳು. “ಬರೂ ದಾರ್ಯಾಗ ಏನ ಹೇಳಿಕೊಟ್ಟಿದ್ವಿ?”

“ಹೇಳಿಕೊಟ್ಟದ್ದು ಹೇಳಾಕ ನಾ ಏನ ಸಾಲಿ ಹುಡುಗೀನ? ಕಂಡದ್ದು ಹೇಳಾಕತ್ತೇನಿ.”

ತಲಾಟಿ ಪೆನ್ನಿನ ಮುಚ್ಚಳ ಹಾಕಿದ. “ಬಾಯಾರ, ನಿಮ್ಮ ಸಾಕ್ಷಿದಾರರ ಪ್ರಕಾರ ಇವರು ಇಬ್ಬರು ಬ್ಯಾರೆ ಬ್ಯಾರೆ ಹೆಣ್ಮಕ್ಕಳು.”

ಆಗ ನನಗೆ ಫೋನಿನ ನೆನಪಾಯಿತು. ಅತ್ತೆ ತೀರಿಕೊಳ್ಳುವ ಮುಂಚಿನ ಚಳಿಗಾಲದಲ್ಲಿ ಮಗಳು ಊಟಕ್ಕೆ ಹಟ ಹಿಡಿದಾಗ ತೆಗೆದ ವಿಡಿಯೋ. ಮನೆಯಲ್ಲಿ ಗಂಡಸರಿಲ್ಲ. ಅತ್ತೆ ಮೊಮ್ಮಗಳನ್ನು ನಗಿಸಲು ಸೆರಗು ಕೆಳಗೆ ಬಿಟ್ಟು, ಅಂಗೈಯನ್ನು ಬಾಯಿಗೆ ಹಿಡಿದು ಹಕ್ಕಿ ಓಡಿಸುವ ಕೂಗು ಹಾಕುತ್ತಾರೆ: “ಹೋ… ಹೋ… ಹೊಯ್ಯಾ!” ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಮಗಳು “ಅಮ್ಮಾ!” ಎಂದು ಫೋನಿಗೆ ಕೈ ಹಾಕಿದಳು, ಅಜ್ಜಿಯನ್ನು ಅವಳು ಅಮ್ಮಾ ಎನ್ನುತ್ತಿದ್ದಳು.

ಪೀರಾಂಬಿ ನಿಂತಲ್ಲೇ ನೆಲಕ್ಕೆ ಕುಳಿತಳು. “ಯಪ್ಪಾ, ನೀಲಿ! ಇದ ನೋಡ್ರಿ ನೀಲಿ! ಬರಕೊಳ್ರಿ ಸಾಹೇಬ್ರ, ಈಕೀನ ನೀಲಿ!” ಎಂದು ಅತ್ತಳು. ಅತ್ತೆ ಸತ್ತ ಸುದ್ದಿ ಅವಳಿಗೆ ಅವತ್ತೇ ಮುಟ್ಟಿದಂತಿತ್ತು.

ತಲಾಟಿ ತನ್ನ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದ. ಕೆಟ್ಟವನಲ್ಲ. “ನನಗ ತಿಳೀತ್ರಿ ತಾಯಿ. ಆದ್ರ ಕೂಗು ದಾಖಲಿ ಆಗೂದಿಲ್ಲ. ನಾ ಬರದು ಕಳಿಸಿದ್ರೂ ಮ್ಯಾಲಿನವರು ವಾಪಸ್ ಹಾಕತಾರ. ಕೋರ್ಟಿನಿಂದ ತರ್ರಿ.”

ಹಾಗಾಗಿ ಇವತ್ತು ವಿಜಯಪುರದ ವಕೀಲರ ಮುಂದೆ ಕುಳಿತಿದ್ದೆವು. ಇಬ್ಬರೂ ಒಬ್ಬರೇ ಎಂದು ಕೋರ್ಟು ಹೇಳಬೇಕಂತೆ. ದಾವೆ, ನೋಟಿಸು, ಸಾಕ್ಷಿ. ಎಷ್ಟು ದಿನವಾಗುತ್ತದೆ ಎಂದು ನೇತ್ರಾ ಕೇಳಿದಳು.

“ಹೇಳಾಕ ಬರೂದಿಲ್ರಿ. ಅವರು ಇದ್ದಾಗ ಒಂದು ಅಫಿಡವಿಟ್ ಮಾಡಿಸಿದ್ರ ಒಂದು ಮುಂಜಾನಿ ಕೆಲಸ ಇತ್ತು.”

ಈ ಮಾತನ್ನು ಇನ್ನೂ ಒಬ್ಬರ ಬಾಯಲ್ಲಿ ಕೇಳಿದರೆ ನಾನು ಏನನ್ನಾದರೂ ಎತ್ತಿ ಒಗೆದೇನು. ಅತ್ತೆಯ ಮೇಲೂ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಬಂದದ್ದನ್ನು ಏನು ಮಾಡಲಿ? ಯಾರಿಗೂ ಕೇಳಿಸದಂತೆ ಬದುಕಿದಿರಿ ಅತ್ತಿ, ಈಗ ನಿಮ್ಮನ್ನು ನೀವೇ ಎಂದು ಹೇಳುವವರೇ ಸಿಗುತ್ತಿಲ್ಲ.

“ಅಲ್ಲೀತನಕ ಎಮ್ಮಿ ಮುದುಕಿ ಆಗತಾವ,” ಎಂದಳು ನೇತ್ರಾ. ನಗಲಿಲ್ಲ. ವಕಾಲತ್ತಿಗೆ ಸಹಿ ಮಾಡಿದಳು.

ನಾನು ಏಳಲಿಲ್ಲ. “ನನ್ನದೂ ಒಂದು ಅಫಿಡವಿಟ್ ಬರೀರಿ,” ಎಂದೆ. “ತವರುಮನಿ ಹೆಸರು ದಾನೇಶ್ವರಿ, ಸಾಲಿ ಸರ್ಟಿಫಿಕೇಟ್ ಅದರಾಗ ಅದಾವ. ಗಂಡನ ಮನಿ ಹೆಸರು ಸಹನಾ.” ಕಚೇರಿಗಳಿಗೆ ಅಲೆಯುವವಳಿಗೆ ಇದಕ್ಕಿಂತ ತಕ್ಕ ಹೆಸರು ಸಿಗದು. ಎರಡೂ ಸಹಿ ಮಾಡಿರಿ ಎಂದರು. ದಾನೇಶ್ವರಿ ಎಂದು ಬರೆಯುವಾಗ ಒತ್ತಕ್ಷರದ ಬಾಲ ಎತ್ತ ಎಳೆಯುತ್ತಿದ್ದೆ ಎಂಬುದೇ ಮರೆತಿತ್ತು.

“ವೈನಿ, ನಿನ್ನ ಹೆಸರಿಲೆ ಹೊಲ ಐತೇನು, ಮನಿ ಐತೇನು?” ಎಂದು ನೇತ್ರಾ ಕೇಳಿದಳು. “ಏನೂ ಇಲ್ದ ಯಾಕ ಇದೆಲ್ಲಾ?”

“ಏನೂ ಇಲ್ಲ. ಆದ್ರ ಸಾಯೂದಂತೂ ಐತಲ್ಲ. ಸತ್ತರ ಎರಡೂ ಹೆಸರಿಲೆ ಒಮ್ಮೇ ಸಾಯ್ತೀನಿ.”