ಕಾರ್ಖಾನೆ ತುಂಬಾ ಗಣಪ

ಗೆಳೆಯರೇ, ಇವತ್ತು ನನ್ನ ಕೆಲಸ ಹೋಗುವುದರಲ್ಲಿತ್ತು.

ವಿದ್ಯಾನಗರದ ನಮ್ಮ ಆನಿಮೇಷನ್ ಸ್ಟುಡಿಯೋದಲ್ಲಿ ಈಗ ದೃಶ್ಯದೊಳಗಿನ ವಸ್ತುಗಳನ್ನು ಎಐ ಮಾಡಿ ಕೂರಿಸುತ್ತದೆ. ಅದಕ್ಕೊಂದು ಟೂಲ್ ಇದೆ. ಅದನ್ನು ಹೇಗೆ ಬಳಸಬೇಕೆಂದು ಎಐಗೆ ಅರ್ಥವಾಗುವಂತೆ ಬರೆದುಕೊಡುವವಳು ನಾನು. ಹೊಸ ದೃಶ್ಯ ಶುರುಮಾಡಿದರೆ ಮೂಲೆಯಲ್ಲೊಂದು ಪುಟ್ಟ ಗಣಪನನ್ನು ಇಡುವುದು ನಮ್ಮಲ್ಲಿ ರೂಢಿ. ಅದನ್ನೂ ಬರೆದೆ: ‘ಏನನ್ನೇ ಮಾಡುವ ಮೊದಲು ಗಣಪನನ್ನು ಇಡು.’ ದೃಶ್ಯಕ್ಕೊಬ್ಬ ಸಾಕು ಅಂತ ಬರೆಯಲಿಲ್ಲ. ಅಷ್ಟೂ ಗೊತ್ತಾಗುವುದಿಲ್ಲವೇ?

ಇವತ್ತು ಹರಿಹರದ ಕಾರ್ಖಾನೆ ಮಾಲೀಕರು ಬೆಂಕಿ ಸುರಕ್ಷತೆಯ ತಮ್ಮ ಚಿತ್ರ ನೋಡಲು ಬಂದರು. ಪರದೆಯಲ್ಲಿ ಪ್ರತಿ ಯಂತ್ರದ ಪಕ್ಕ ಗಣಪ, ಪ್ರತಿ ಬಕೆಟ್ಟಿನ ಪಕ್ಕ ಗಣಪ. ತುರ್ತು ಬಾಗಿಲಿಗೇ ಅಡ್ಡವಾಗಿ ಒಬ್ಬ.

ನಮ್ಮ ಬಾಸ್ ಹಲ್ಲು ಕಚ್ಚಿಕೊಂಡು, “ಯಾರ್ರಿ ಇದನ್ನ ಬರ್ದಿದ್ದು? ಈಗ್ಲೇ ಅಳಿಸ್ರಿ!” ಎಂದರು.

ಟೂಲ್ ಕಟ್ಟಿದ ಶಬಾನಾ ಮೌಸ್ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. “ನಾನಂತೂ ಮುಟ್ಟಲ್ಲಕ್ಕ. ಕೂರ್ಸಿದ್ದು ನೀವು, ತೆಗಿಯೋದೂ ನೀವೇ.”

ಡಿಲೀಟ್ ಕೀವರೆಗೆ ಹೋದ ಬೆರಳನ್ನು ನಾನೂ ಹಿಂದಕ್ಕೆ ತೆಗೆದುಕೊಂಡೆ.

ಮಾಲೀಕರು ಎದ್ದುನಿಂತರು. “ಗಣಪನ್ನ ಹಂಗೆಲ್ಲ ಅಳಿಸ್ತಾರೇನ್ರಿ? ನೀರಿಗೆ ಬಿಡ್ಬೇಕು. ಸಂಜೆಯೊಳಗೆ ಬಿಟ್ರೆ ಚಿತ್ರ ತಗೊಂತೀನಿ. ಇಲ್ಲಾಂದ್ರ ಬ್ಯಾಡ.”

ಸರಿ, ಕಾರ್ಖಾನೆಯ ಅಂಗಳದಲ್ಲೊಂದು ಬಾವಿ ಮಾಡು ಎಂದು ಎಐಗೆ ಹೇಳಿದೆ.

ಬಾವಿ ಬಂತು. ಅದಕ್ಕೂ ಮೊದಲು ಇನ್ನೊಬ್ಬ ಗಣಪ ಬಂದು ಕೂತಿದ್ದ.