ಎಡಗಡೆಯ ಬ್ರೇಕ್ ಡ್ರಮ್ಮು

ನಮ್ಮ ಮನೆಯ ಕಾರಿನ ಬ್ರೇಕ್ ಡ್ರಮ್ಮಿನ ದೆಸೆಯಿಂದ ಕಡೂರಿನ ಒಬ್ಬ ಮೇಸ್ತ್ರಿಯ ಹೆಸರು ಕೆಟ್ಟಿತು. ತಪ್ಪು ಅವನದಲ್ಲ. ಯಾರದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ಕೊನೆಗೆ ನಾನೇ ಒಳ್ಳೆಯವನಾಗಿ ಕಾಣುವಂತೆ ಬರೆಯುವ ಬುದ್ಧಿ ನನಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಸಿಂಗಟಗೆರೆಯ ಪಕ್ಕದಲ್ಲಿ ನಮ್ಮ ತೆಂಗಿನ ತೋಟ, ಮನೆಗೊಂದು ಹಳೇ ಕಾರು. ಓಡಿಸುವವನು ನಾನು, ಪಕ್ಕದಲ್ಲಿ ಕೂತು ಅಪ್ಪಣೆ ಕೊಡುವವರು ಅಪ್ಪ. ಈಗಿನ ಕಾರುಗಳಿಗಿರುವಂತೆ ಡಿಸ್ಕ್ ಅಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ಮು. ಬೋಗುಣಿಯಂಥ ಕಬ್ಬಿಣದ ಭಾಗ ಅದು. ಬ್ರೇಕ್ ತುಳಿದರೆ ಒಳಗಿರುವ ಲೈನರುಗಳು ಅಗಲವಾಗಿ ಅದರ ಗೋಡೆಯನ್ನು ಒತ್ತಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ನಮ್ಮ ಮುಂದಿನ ಡ್ರಮ್ಮುಗಳು ಸವೆದು ಒಳಗೆಲ್ಲ ಗೀರು ಬಿದ್ದಿದ್ದವು. ಮೇಸ್ತ್ರಿ ಎರಡು ಸಲ ಲೇತಿಗೆ ಕೊಟ್ಟು ಹೆರೆಸಿ ನಯ ಮಾಡಿಸಿದ್ದ. ಮೂರನೇ ಸಲ ಬೆರಳಾಡಿಸಿ ನೋಡಿ, "ಇನ್ನು ಹೆರೆಯೋಕೆ ಇದ್ರಲ್ಲಿ ಮೈಯೇ ಉಳಿದಿಲ್ಲ ಸ್ವಾಮಿ. ಹೊಸದೇ ತರಿಸ್ಬೇಕು" ಅಂದ.

ಅವನ ಶಾಪು ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಚಪ್ಪರದ ಕೆಳಗೆ. ಬೋರ್ಡೂ ಇರಲಿಲ್ಲ. ಅವನು ಕೈ ಹಾಕಿದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎಂಬ ಮಾತೊಂದೇ ಅವನ ಬೋರ್ಡು. ಬೆಂಗಳೂರಿನಿಂದ ಹೊಸ ಡ್ರಮ್ಮು ಬರಲು ಮೂರು ವಾರ ಹಿಡಿಯಿತು. ಎರಡೂ ಕಡೆ ಹೊಸ ಡ್ರಮ್ಮು, ಹೊಸ ಲೈನರು ಹಾಕಿ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಸ್ವಲ್ಪ ದಿನ ಕೀಚು ಕೀಚು ಅಂತದೆ. ಲೈನರು ಕೂತ್ಕೊಂಡ್ಮೇಲೆ ತಾನೇ ನಿಂತೋಯ್ತದೆ. ಯಾರೂ ಮುಟ್ಬ್ಯಾಡಿ." ಇದನ್ನು ಅಪ್ಪನೂ ಕೇಳಿಸಿಕೊಂಡರು.

ಎಡಗಡೆಯ ಚಕ್ರ ನಿಜಕ್ಕೂ ಕಿರುಚತೊಡಗಿತು. ನನಗೇನೂ ಅನ್ನಿಸಲಿಲ್ಲ, ಅಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ಅಪ್ಪ ಗಾಡಿ ಕಟ್ಟಿ ಬೆಳೆದವರು. ಬೀದಿಯಲ್ಲಿ ಎತ್ತಿನ ಗಾಡಿ ಹೋದರೆ ಯಾವ ಕಡೆಯ ಗಾಲಿಗೆ ಎಣ್ಣೆ ಬೇಕೆಂದು ಜಗುಲಿಯ ಮೇಲಿಂದಲೇ ಹೇಳುವವರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ನಮ್ಮ ಗಾಡಿಯ ಮೂಕಿಗೆ ಬಿದಿರಿನ ಗೊಟ್ಟದಲ್ಲಿ ಸದಾ ನೇತಾಡುತ್ತಿತ್ತು. ಗಾಲಿ ಕಿರುಚುವ ಗಾಡಿಯವನನ್ನು ಅವರ ಕಾಲದವರು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

"ಊರ ಮುಂದೆ ಮರ್ಯಾದೆ ಹೋಗ್ತದೆ ಕಣೋ. ಎಣ್ಣೆ ಕಾಣದ ಮನೆ ಅಂದ್ಕೊಳಲ್ವೇನೋ ಜನ?" ಅಂದರು.

"ಕಾರಿಗೂ ಗಾಡಿಗೂ ಎಲ್ಲಿಂದೆಲ್ಲಿಗೆ ಅಪ್ಪಾ? ಸುಮ್ನಿರಿ" ಅಂದೆ. ಯಾಕೆಂದು ಬಿಡಿಸಿ ಹೇಳಲಿಲ್ಲ. ಹೇಳಲು ಎರಡು ನಿಮಿಷ ಸಾಕಾಗಿತ್ತು. ಅಪ್ಪನಿಗೆ ಪಾಠ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ, ಉಡಾಫೆ ಬೇಕಾದಷ್ಟಿತ್ತು.

ಎರಡು ದಿನಕ್ಕೆ ಸದ್ದು ನಿಂತಿತು. ಲೈನರು ಕೂತಿತೆಂದು ನಾನು ತಿಳಿದೆ. ಅಪ್ಪ ಮೀಸೆಯಡಿ ನಕ್ಕರು. ಆ ನಗುವಿಗೆ ಅರ್ಥ ಹುಡುಕಬೇಕೆಂದು ನನಗೆ ಹೊಳೆಯಲಿಲ್ಲ.

ಮರುದಿನ ತರೀಕೆರೆಯಲ್ಲಿ ಅವ್ವನ ತಮ್ಮನ ಮನೆಯ ಗೃಹಪ್ರವೇಶ. ಅಪ್ಪ ಮುಂದೆ, ಅವ್ವ ಹಿಂದೆ. ಬೀರೂರು ದಾಟಿ ತರೀಕೆರೆ ಇನ್ನೇನು ಎರಡು ಮೈಲಿ ಎನ್ನುವಾಗ ಕುರಿಮಂದೆಯೊಂದು ರಸ್ತೆಗೆ ನುಗ್ಗಿತು. ಅವತ್ತು ಮೊದಲ ಸಲ ಬಲವಾಗಿ ಬ್ರೇಕ್ ತುಳಿದೆ. ಬಲಗಡೆ ಹಿಡಿಯಿತು, ಎಡಗಡೆ ಹಿಡಿಯಲೇ ಇಲ್ಲ. ಕಾರು ಬಲಕ್ಕೆ ಎಳೆಯಿತು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಎಡಕ್ಕೆ ತಿರುಗಿಸಿದರೂ ಅದು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ರಸ್ತೆಯಾಚೆಯ ಹುಣಸೆಮರ ಹತ್ತಿರ ಬರುವುದನ್ನು ನೋಡುತ್ತಾ ಕೂತಿದ್ದೆ, ಅಷ್ಟೆ. ಕಾಲು ಬ್ರೇಕಿನ ಮೇಲೆಯೇ ಇತ್ತು.

ಅಪ್ಪನಿಗೂ ನನಗೂ ತರಚಿದ ಗಾಯ. ಅವ್ವನ ಬಲಗೈ ಮುರಿಯಿತು. ತರೀಕೆರೆ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಳ್ಳುತ್ತಾ ನೋವಿಗೆ ನರಳಿದ್ದಕ್ಕಿಂತ ಹೆಚ್ಚಾಗಿ ಮೇಸ್ತ್ರಿಯನ್ನು ಬೈದಳು. ಸೋದರಮಾವಂದಿರು ಯಾರನ್ನೋ ಅಟ್ಟಿ ಸಂಜೆಯೊಳಗೆ ಅವನನ್ನು ಕಡೂರಿನಿಂದ ಕರೆಸಿದರು.

ಕಾರನ್ನು ಮಾವನ ಮನೆಯ ಅಂಗಳಕ್ಕೆ ಎಳೆತಂದಿದ್ದರು. ಮದುವೆಗೆ ಸೇರಿದಷ್ಟು ನೆಂಟರು ಸುತ್ತ ನಿಂತಿದ್ದರು. ಮೇಸ್ತ್ರಿ ಎಡಗಡೆಯ ಚಕ್ರ ಬಿಚ್ಚಿ ಡ್ರಮ್ಮು ಎಳೆದ. ಒಳಗೆಲ್ಲ ಕಪ್ಪನೆಯ ಜಿಡ್ಡು. ಬೆರಳಿಗೆ ಹಚ್ಚಿಕೊಂಡು ಮೂಸಿದ. ನಾನು ಮೂಸಬೇಕಾಗಿರಲಿಲ್ಲ. ಹರಳೆಣ್ಣೆಯ ವಾಸನೆ ನಿಂತಲ್ಲಿಗೇ ಬಂತು. ನಮ್ಮ ಮನೆಯ ಕೀಲೆಣ್ಣೆ. ಲೈನರು ಹಿಡಿಯಬೇಕಾದ ಜಾಗಕ್ಕೇ ಅಪ್ಪ ಅದನ್ನು ಪ್ರೀತಿಯಿಂದ ಬಳಿದಿದ್ದರು. ಮೇಸ್ತ್ರಿ ಚಕ್ರ ಬಿಚ್ಚುವುದನ್ನು ಅಷ್ಟು ಸಲ ನೋಡಿ ಅವರೂ ಕಲಿತುಬಿಟ್ಟಿದ್ದರು.

ಅಪ್ಪನ ಮುಖ ನೋಡಿದೆ. ಅವರಿಗೆ ಅರ್ಥವಾಗಿತ್ತು. ಹೆಂಡತಿಯ ತಮ್ಮಂದಿರ ಎದುರಿಗೆ, ಕೈ ಮುರಿದುಕೊಂಡ ಹೆಂಡತಿಯ ಎದುರಿಗೆ ಅವರು ಅಷ್ಟು ಚಿಕ್ಕವರಾಗಿ ಕಂಡದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

"ಏನಪ್ಪಾ ಅದು?" ಎಂದು ದೊಡ್ಡ ಮಾವ ಗದರಿದ.

ಮೇಸ್ತ್ರಿ ಅಪ್ಪನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ತುಸು ಹೆಚ್ಚು ಹೊತ್ತು. ಅನಂತರ ತಲೆ ತಗ್ಗಿಸಿ, "ಒಳಗಿನ ಗ್ರೀಸು ಸೋರಿ ಬಂದದೆ ಸ್ವಾಮಿ. ಸೀಲು ಸರಿಯಾಗಿ ಕೂರಿಸಿಲ್ಲ. ನನ್ ಕೈ ತಪ್ಪು" ಅಂದ.

ಮಾವ ಕೈ ಎತ್ತಿದ. ಅಪ್ಪ ಅಡ್ಡ ಹೋಗಿ ಆ ಕೈ ಹಿಡಿದುಕೊಂಡರು. "ಬಿಡ್ರೀ, ಹೋಗ್ಲಿ ಬಿಡ್ರೀ" ಎಂದಷ್ಟೇ ಅವರಿಂದಾಯಿತು. ನನ್ನಿಂದ ಅದೂ ಆಗಲಿಲ್ಲ. ಎಲ್ಲರೂ ಅಪ್ಪನದು ದೊಡ್ಡ ಮನಸ್ಸು ಅಂದರು.

ಸುದ್ದಿ ನಮಗಿಂತ ಮೊದಲೇ ಕಡೂರು ಮುಟ್ಟಿತ್ತು. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಜನ ಕೇಳುತ್ತಿದ್ದರು, "ಅವ್ನೇ ಒಪ್ಕಂಡ್ನಂತೆ, ಹೌದೇನ್ರೀ?" ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಲೆ ಅಲ್ಲಾಡಿಸಿದೆನೋ ಏನೋ. ನಿಜ ಹೇಳಿದರೆ ಅಪ್ಪ ಊರಲ್ಲಿ ತಲೆ ಎತ್ತುವಂತಿಲ್ಲ, ಹೇಳದಿದ್ದರೆ ಅವನ ಬಾಳು ಹಾಳು. ನಾಳೆ ಹೇಳೋಣ, ಅವ್ವನ ಕೈ ವಾಸಿಯಾಗಲಿ, ಜನ ತಾವೇ ಮರೆಯಲಿ ಎಂದು ದಿನ ತಳ್ಳಿದೆ. ಅವನ ಚಪ್ಪರದ ಕೆಳಗೆ ನಿಲ್ಲುವ ಗಾಡಿಗಳು ಕಡಿಮೆಯಾಗುತ್ತಾ ಬಂದದ್ದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ಒಂದು ದಿನ ಚಪ್ಪರ ಖಾಲಿ. ಹೆಂಡತಿಯ ಊರು ಅಜ್ಜಂಪುರಕ್ಕೆ ಹೋದನೆಂದರು.

ಅಪ್ಪ ಮತ್ತೆ ಆ ಕಾರು ಹತ್ತಲಿಲ್ಲ. ನಾವಿಬ್ಬರೂ ಆ ಮಾತು ಎತ್ತಲೇ ಇಲ್ಲ. ಒಮ್ಮೆ ಮಾತ್ರ, ಕಾಯಿ ಸುಲಿಸುತ್ತಾ ನಿಂತಿದ್ದವರು ನನ್ನ ಕಡೆ ನೋಡದೆ ಕೇಳಿದರು: "ಅವ್ನಿಗೆ ಅಲ್ಲಿ ಕೆಲ್ಸ ಗಿಲ್ಸ ಸಿಕ್ತದೇನೋ?"

"ಸಿಕ್ತದೆ ಅಪ್ಪಾ" ಅಂದೆ. ನನಗೇನು ಗೊತ್ತಿತ್ತು?

ಎಂಬತ್ತರ ದಶಕದ ನಡುವೆ ಅಪ್ಪ ತೀರಿಕೊಂಡರು. ತಿಂಗಳು ಕಳೆದ ಮೇಲೆ ನಾನು ಅಜ್ಜಂಪುರಕ್ಕೆ ಹೋದೆ. ಅವನು ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಸೈಕಲ್ಲಿಗೆ ಪಂಕ್ಚರು ಹಾಕುತ್ತಾ ಕೂತಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತ, ಸ್ಟೂಲು ಒರೆಸಿ ಕೊಟ್ಟ. ನಿಂತುಕೊಂಡೇ ಎಲ್ಲ ಹೇಳಿದೆ. ಅಪ್ಪ ತೀರಿಕೊಂಡರು, ಡ್ರಮ್ಮಿಗೆ ಎಣ್ಣೆ ಬಳಿದದ್ದು ಅವರೇ, ನನಗೆ ಅವತ್ತೇ ಗೊತ್ತಿತ್ತು, ಈಗ ಕಡೂರಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ ಅಂದೆ.

"ಬ್ಯಾಡಿ ಸ್ವಾಮಿ. ಹೋದೋರ ಮೇಲೆ ಯಾಕೆ ಹಾಕ್ತೀರಿ" ಅಂದ. "ಅಷ್ಟು ಜನದ ಮುಂದೆ ಯಜಮಾನ್ರ ಮುಖ ನೋಡೋಕಾಗ್ಲಿಲ್ಲ, ಅದಕ್ಕೇ ಹಂಗಂದೆ. ಕಡೂರಿಗೆ ಬಂದ್ಮೇಲೆ ನೀವು ನಾಲ್ಕು ಜನಕ್ಕಾದ್ರೂ ಹೇಳ್ತೀರಿ ಅನ್ಕಂಡಿದ್ದೆ."

ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕತೊಡಗಿದ. ನನ್ನ ಕಡೆ ತಿರುಗದೆಯೇ ಹೇಳಿದ:

"ಎರಡು ತಿಂಗ್ಳು ದಿನಾ ಬೆಳಗ್ಗೆ ಶಾಪು ತೆಗ್ದು, ನೀವು ಬತ್ತೀರಾ ಅಂತ ಕೂತಿದ್ದೆ ಸ್ವಾಮಿ."